ಎರಡು ಸುತ್ತಿನ ನೀರು

೧೯೮೪ರಲ್ಲಿ ನಾನು ಓದು ಬಿಟ್ಟೆ. ಒಂಬತ್ತನೇ ಇಯತ್ತೆ, ದಸರಾ ಸೂಟಿಗೆ ಇನ್ನೂ ಹದಿನೈದು ದಿನ ಇತ್ತು. ದಡ್ಡನಾಗಿ ಬಿಟ್ಟವನಲ್ಲ ನಾನು. ಹೆಡ್ ಮಾಸ್ತರರು ಬಾಗಿಲಲ್ಲಿ ನಿಲ್ಲಿಸಿ "ತಪ್ಪಾತು ಅನ್ನು, ಒಳಗ ಬಾ" ಅಂದರು. ನಾನು ಅನ್ನಲಿಲ್ಲ, ಒಳಗೆ ಹೋಗಲಿಲ್ಲ. ಅಷ್ಟೇ. ಅಲ್ಲಿಂದ ಗದಗಿನ ಖಾನಾವಳಿ, ಪುಣೆಯ ಹೋಟೆಲು, ಮುಂಬೈಯ ದೊಡ್ಡ ಅಡುಗೆಮನೆ, ಕೊನೆಗೆ ಈ ನೆದರ್ಲ್ಯಾಂಡ್ಸ್. ಸಮುದ್ರಕ್ಕಿಂತ ತಗ್ಗಿನಲ್ಲಿರುವ ದೇಶಕ್ಕೆ ಬಂದು ಹನ್ನೆರಡು ವರ್ಷವಾಯಿತು. ಹೇಗ್ ಊರಿನ ಒಂದು ಇಂಡಿಯನ್ ಹೋಟೆಲಿನಲ್ಲಿ ಅಡುಗೆಯವ. ವಾಸ ಪಕ್ಕದ ಜೂಟರ್‌ಮೀರ್‌ನಲ್ಲಿ, ಮೂರನೇ ಮಹಡಿ.

ಇದನ್ನೆಲ್ಲ ಬರೆಯಲು ಕೂಡಿಸಿದ್ದು ಒಂದು ಕೀಲಿ. ನಮ್ಮ ಮನೆ ಬಾಗಿಲ ಪಕ್ಕ ಮೊಳೆಗಳ ಸಾಲು ಇದೆ, ಅದರ ಕೊನೆಯ ಮೊಳೆಗೆ ಹಸಿರು ದಾರ ಕಟ್ಟಿದ ಒಂದು ಕೀಲಿ ತೂಗುತ್ತದೆ. ಅದು ನಮ್ಮ ಮನೆಯದಲ್ಲ. ದಿನಾ ಬೆಳಿಗ್ಗೆ ಕೋಟು ತೆಗೆದುಕೊಳ್ಳುವಾಗ ನನ್ನ ಕೈಗೆ ತಾಗುತ್ತದೆ, ಟಿಣ್ ಅನ್ನುತ್ತದೆ. ನೀವು ನಮ್ಮ ಮನೆಗೆ ಬಂದರೆ "ಇದು ಯಾರದು?" ಅಂತ ಕೇಳಿಯೇ ಕೇಳುತ್ತೀರಿ. ಕೇಳುವ ಮೊದಲೇ ಹೇಳಿಬಿಡುತ್ತೇನೆ.

ಅದಕ್ಕೂ ಮೊದಲು ನನ್ನ ಸ್ವಭಾವದ ಬಗ್ಗೆ ಒಂದು ಮಾತು. ನಾನು ಸಂಶಯದ ಮನುಷ್ಯ. ಹೆಂಡತಿ ಗಿರಿಜಾ ಅದನ್ನು ರೋಗ ಅನ್ನುತ್ತಾಳೆ, ನಾನು ಕಸುಬು ಅನ್ನುತ್ತೇನೆ. ಅಡುಗೆಯವನು ತತ್ತಿಯನ್ನು ನೇರವಾಗಿ ಹಿಟ್ಟಿಗೆ ಒಡೆಯುವುದಿಲ್ಲ; ಮೊದಲು ಬೇರೆ ಬಟ್ಟಲಿಗೆ ಒಡೆದು, ಮೂಸಿ, ಆಮೇಲೆ ಸುರಿಯುತ್ತಾನೆ. ನಲವತ್ತನೇ ತತ್ತಿ ಕೆಟ್ಟಿದ್ದರೆ ಮೂವತ್ತೊಂಬತ್ತೂ ಹೋದವಲ್ಲ! ಹಾಲು ಮೂಸು, ಎಣ್ಣೆ ಮೂಸು, ಮೀನು ತಂದವನ ಮುಖ ನೋಡು. ಇದೇ ಕಣ್ಣಿನಿಂದ ನಾನು ಮನುಷ್ಯರನ್ನೂ ನೋಡುತ್ತೇನೆ ಅಂತ ಗಿರಿಜಾಳ ತಕರಾರು. ಮನುಷ್ಯರನ್ನು ಬೇರೆ ಬಟ್ಟಲಿಗೆ ಒಡೆದು ನೋಡಲು ಆಗುವುದಿಲ್ಲ, ಅದೇ ತೊಂದರೆ.

ಆ ಕೊರೋನಾದ ವರ್ಷ ಜಗತ್ತೆಲ್ಲ ನನ್ನ ಹಾಗೇ ಆಯಿತು ನೋಡಿ. ಅಂಗಡಿಯಲ್ಲಿ ಒಬ್ಬ ಕೆಮ್ಮಿದರೆ ಹತ್ತು ಜನ ತಿರುಗಿ ನೋಡುತ್ತಿದ್ದರು. ನನಗೆ ಒಳಗೊಳಗೇ ಒಂದು ಸಮಾಧಾನ: ಬಂದಿರಾ ದಾರಿಗೆ!

ಆ ಮಾರ್ಚಿನಲ್ಲಿ ನಾವು ಮೂವರೂ ಊರಿಗೆ ಹೋಗಿದ್ದೆವು, ಗಿರಿಜಾಳ ತಮ್ಮನ ಮದುವೆಗೆ. ನಾನು, ಗಿರಿಜಾ, ಲೈಡನ್‌ನಲ್ಲಿ ಓದುವ ಮಗಳು ಸುಮಾ. ಹದಿನೆಂಟು ದಿನಕ್ಕೆ ಅಂತ ಹೋದದ್ದು. ಹೊರಡುವ ದಿನ ನಾನು ಎರಡು ಕೆಲಸ ಮಾಡಿದೆ. ಒಂದು, ಅಡುಗೆಮನೆಯ ಕಪಾಟಿನಲ್ಲಿರುವ ಬಾಯ್ಲರಿನ ಕೆಳಗೆ ತಣ್ಣೀರು ಒಳಗೆ ಹೋಗುವ ಪೈಪಿನ ವಾಲು ಪೂರ್ತಿ ಬಂದ್ ಮಾಡಿದೆ. ಮನೆ ಬಿಟ್ಟು ಹೋಗುವಾಗ ನೀರು ಬಂದ್ ಮಾಡಿ ಹೋಗುವುದು ನಮ್ಮ ವಂಶದ ಪದ್ಧತಿ. ಮನೆಗೆಲ್ಲ ನೀರು ಬರುವ ದೊಡ್ಡ ವಾಲು ಬಂದ್ ಮಾಡಲಿಲ್ಲ, ಯಾಕೆಂದರೆ ಎರಡನೇ ಕೆಲಸಕ್ಕೆ ತಣ್ಣೀರು ಬೇಕಿತ್ತು: ಪಕ್ಕದ ಮನೆಯ ವಿಮ್‌ಗೆ ನಮ್ಮ ಮನೆಯ ಕೀಲಿ ಕೊಟ್ಟು, ಕಿಟಕಿಯಲ್ಲಿರುವ ಕರಿಬೇವಿನ ಗಿಡಕ್ಕೆ ವಾರಕ್ಕೆರಡು ಸಲ ನೀರು ಹಾಕಲು ಹೇಳಿದೆ.

ವಿಮ್ ಅಂದರೆ ಎಪ್ಪತ್ತು ದಾಟಿದ ಮನುಷ್ಯ, ಒಬ್ಬನೇ ಇರುತ್ತಾನೆ, ಮೂವತ್ತು ವರ್ಷ ಟ್ರಾಮ್ ಓಡಿಸಿ ರಿಟೈರ್ ಆದವನು. ಹೆಸರು ಹಿಡಿದು ನಾವು ಕರೆಯುವುದು ಕಡಿಮೆ. ನಾನು ಅವನಿಗೆ "ಬ್ಯೂರ್ಮನ್" ಅನ್ನುತ್ತೇನೆ, ಅವನೂ ನನಗೆ "ಬ್ಯೂರ್ಮನ್" ಅನ್ನುತ್ತಾನೆ. ಪಕ್ಕದ ಮನೆಯವನೇ ಅಂತ ಅರ್ಥ. ನನ್ನ ಡಚ್ಚು ಅಡುಗೆಮನೆಯ ಡಚ್ಚು: ಬೇಗ, ಬಿಸಿ, ಸಾಕು, ಹಿಂದೆ ನಿಲ್ಲು. ಅಷ್ಟರಲ್ಲೇ ನಮ್ಮ ಸ್ನೇಹ ನಡೆದಿತ್ತು. ಅವನು ಟ್ರಾಮಿನವನಾದ್ದರಿಂದ ನಿಧಾನವಾಗಿ, ಸ್ಟಾಪು ಸ್ಟಾಪಿಗೆ ನಿಲ್ಲಿಸಿ ಮಾತಾಡುತ್ತಾನೆ. ನನಗೆ ಅರ್ಥವಾಗುವ ಡಚ್ಚು ಈ ದೇಶದಲ್ಲಿ ಅವನೊಬ್ಬನದೇ.

ಹದಿನೆಂಟು ದಿನಕ್ಕೆ ಹೋದವರು ನಾಲ್ಕೂವರೆ ತಿಂಗಳು ಸಿಕ್ಕಿಬಿದ್ದೆವು. ವಿಮಾನ ನಿಂತವು, ಅಷ್ಟೇ ಹೇಳಿದರೆ ಸಾಕು, ಉಳಿದದ್ದು ನಿಮಗೂ ಗೊತ್ತು. ಜುಲೈ ಕೊನೆಗೆ ಹೇಗೋ ಮೂರು ಸೀಟು ಸಿಕ್ಕು, ಮುಖಕ್ಕೆ ಎರಡೆರಡು ಮಾಸ್ಕು ಕಟ್ಟಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಮನೆ ಸೇರಿದೆವು. ಮುಂದೆ ಹದಿನಾಲ್ಕು ದಿನ ಹೊರಗೆ ಕಾಲಿಡುವಂತಿಲ್ಲ. ಬಾಗಿಲು ತೆಗೆದರೆ ಕರಿಬೇವಿನ ಗಿಡ ನಾವು ಬಿಟ್ಟುಹೋದದ್ದಕ್ಕಿಂತ ಒಂದು ಗೇಣು ಎತ್ತರ. ನಾನು ಮಾಡಿದ ಮೊದಲ ಕೆಲಸ ಬಾಯ್ಲರಿನ ವಾಲು ತೆರೆದದ್ದು. ಕಪಾಟಿನ ಬಾಗಿಲು ತೆರೆದೆ, ಬಗ್ಗಿದೆ, ಅಲ್ಲಿ ಒಂದು ನೀಲಿ ಬೋಗುಣಿ ಇತ್ತು.

ನಮ್ಮದಲ್ಲ. ಒಂದು ಕಡೆ ಬಣ್ಣ ಹಾರಿದ ಹಳೇ ಬೋಗುಣಿ, ವಾಲಿನ ಸರಿಯಾಗಿ ಕೆಳಗೆ. ಒಳಗೆ ಎರಡು ಬೆರಳು ನೀರು.

"ಇದು ಯಾರದ?" ಅಂದೆ.

"ವಿಮ್‌ನದ ಇರಬೇಕ್ರಿ. ಗಿಡಕ್ಕ ನೀರ ಹಾಕಾಕ ತಂದಿರ್ತಾನ," ಅಂದಳು ಗಿರಿಜಾ.

"ಗಿಡ ಇರೋದು ಕಿಟಕ್ಯಾಗ. ಬೋಗುಣಿ ಇರೋದು ಕಪಾಟಿನಾಗ. ಕಪಾಟ ತಗಿ ಅಂತ ಯಾರು ಹೇಳಿದ್ರು ಅಂವಗ?"

ಅವಳು ಚಹಾಕ್ಕೆ ಇಟ್ಟಳು. ನಾನು ವಾಲು ತಿರುವಿದೆ, ಬೋಗುಣಿಯ ನೀರು ಸಿಂಕಿಗೆ ಚೆಲ್ಲಿದೆ, ಬೋಗುಣಿಯನ್ನು ಬಾಲ್ಕನಿಗೆ ಇಟ್ಟೆ. ಆದರೆ ಆ ಬೋಗುಣಿ ತಲೆಯಿಂದ ಹೊರಗೆ ಹೋಗಲಿಲ್ಲ.

ಸಂಜೆ ಎದ್ದು ಸ್ನಾನಕ್ಕೆ ಹೋದರೆ ಬಿಸಿನೀರು ದಾರದ ಹಾಗೆ ಬರುತ್ತಿದೆ. ಹಬೆ ಏಳುವಷ್ಟು ಬಿಸಿ, ಆದರೆ ದಾರ. ಮೂವತ್ತು ಗಂಟೆ ಪ್ರಯಾಣದ ಮೈಯನ್ನು ಆ ದಾರದ ಕೆಳಗೆ ಹಿಡಿದು ನಿಂತೆ. ಒಂದು ಭುಜ ಸುಡುತ್ತದೆ, ಇನ್ನೊಂದು ನಡುಗುತ್ತದೆ. ಹೊರಗೆ ಬಂದು ಹೇಳಿದೆ: "ಯಾರೋ ಕೈ ಹಚ್ಯಾರ."

ನಿಮಗೆ ನಗು ಬರಬಹುದು. ಆದರೆ ನೀರು ಕಡಿಮೆಯಾದರೆ ಯಾರೋ ಕೈ ಹಚ್ಚಿದ್ದಾರೆ ಅನ್ನುವುದು ನಾವು ಹುಟ್ಟಿದ ಊರಿನ ಮೊದಲ ಪಾಠ. ಗದಗಿನಿಂದ ಎರಡು ತಾಸಿನ ದಾರಿ ನಮ್ಮೂರು. ನಳಕ್ಕೆ ನೀರು ಬರುವುದು ಐದು ದಿನಕ್ಕೊಮ್ಮೆ. ಬಂದ ದಿನ ಓಣಿಯ ತುಂಬ ಕೊಡ, ಬಕೇಟು, ಪಾತೇಲಿ, ಕೊನೆಗೆ ಚರಿಗೆ, ಲೋಟ ಕೂಡ ತುಂಬಿಟ್ಟುಕೊಳ್ಳುವುದು. ನೀರು ಸಣ್ಣಗಾದರೆ ಹೆಂಗಸರು ಒಬ್ಬರ ಮನೆ ಗೋಡೆಗೆ ಇನ್ನೊಬ್ಬರು ಕಿವಿ ಇಡುತ್ತಿದ್ದರು, ಒಳಗೆ ಮೋಟರು ಹಚ್ಚಿ ಎಳೆಯುತ್ತಿದ್ದಾರೋ ಅಂತ. ಮೋಟರಿನ ಗುರ್ ಕೇಳಿಸಿತೋ, ಅಲ್ಲಿಗೆ ಶುರು.

ಆ ಊರಿಗೆ ನೀರು ಬಿಡುವವನು ನಮ್ಮಪ್ಪ. ವಾಲ್‌ಮನ್ ಬಸಪ್ಪ. ಎದೆಯೆತ್ತರದ ಕಬ್ಬಿಣದ ಸಲಾಕೆ, ಮೇಲೆ ಅಡ್ಡ ಹಿಡಿಕೆ. ಅದನ್ನು ಹೆಗಲ ಮೇಲಿಟ್ಟುಕೊಂಡು ಅಪ್ಪ ಹೊರಟರೆ ಓಣಿಗೆ ಓಣಿಯೇ ಎದ್ದು ನಿಲ್ಲುತ್ತಿತ್ತು. ರಸ್ತೆಯಲ್ಲಿ ತಗ್ಗಿನ ಮುಚ್ಚಳ ಸರಿಸಿ, ಸಲಾಕೆ ಇಳಿಸಿ, ತಿರುವುತ್ತಿದ್ದ. ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಹೇಳುತ್ತಿದ್ದ: "ಒಮ್ಮೆಲೇ ಪೂರ್ತಿ ಬಿಡಬಾರದೋ. ಪೈಪಿನಾಗ ಗಾಳಿ ಕುಂತಿರ್ತದ. ಎರಡು ಸುತ್ತು ಬಿಡು. ಹತ್ತು ನಿಮಿಷ ಕೂಡು. ಗಾಳಿ ಹೋಗ್ಲಿ. ಆಮ್ಯಾಲ ಉಳದದ್ದು." ಆ ಹತ್ತು ನಿಮಿಷ ಅಪ್ಪನ ಬೀಡಿಯ ಹತ್ತು ನಿಮಿಷ. ಪೈಪಿನೊಳಗೆ ಗಾಳಿ ಕೆಮ್ಮುತ್ತ ದೂರ ಹೋಗುವುದನ್ನು ನಾವಿಬ್ಬರೂ ಕೇಳುತ್ತ ಕೂಡುತ್ತಿದ್ದೆವು.

ಅಪ್ಪನ ನೆನಪು ಅಂದರೆ ನನಗೆ ಇನ್ನೊಂದು ಚಿತ್ರ. ಒಂದು ಮಧ್ಯಾಹ್ನ ಸಾಲಿಯಿಂದ ಊಟಕ್ಕೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಮಲಗಿದ್ದ. ಸಲಾಕೆ ಗೋಡೆಗೆ ಆನಿಸಿತ್ತು. ಹಣೆಯ ಮೇಲೆ ಒದ್ದೆ ಬಟ್ಟೆ. ಅವ್ವ ತುಟಿಗೆ ಬೆರಳಿಟ್ಟು "ಎಬ್ಬಿಸಬ್ಯಾಡ, ಜ್ವರ ಬಂದಾವ" ಅಂದಳು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಅವನನ್ನು ದಾಟಿ ಒಳಗೆ ಹೋದೆ. ಹಗಲು ಹೊತ್ತು ಅಪ್ಪ ಮಲಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪುಣೆಯಲ್ಲಿ, ಮುಂಬೈಯಲ್ಲಿ ಊರು ನೆನಪಾದಾಗೆಲ್ಲ ಆ ಮುಖವೇ ಕಣ್ಣಿಗೆ ಬರುತ್ತಿತ್ತು. ಇರಲಿ.

ಜೂಟರ್‌ಮೀರ್‌ಗೆ ಬರೋಣ. ಹದಿನಾಲ್ಕು ದಿನ ಮನೆಯೊಳಗೆ ಬಂಧಿ. ಸಂಶಯಕ್ಕೆ ಅದಕ್ಕಿಂತ ಒಳ್ಳೆಯ ಹೊಲ ಬೇಕೆ? ನಾನು ಅಡುಗೆಯವನ ಪದ್ಧತಿಯಲ್ಲೇ ಪರೀಕ್ಷೆ ಶುರುಮಾಡಿದೆ. ಐದು ಲೀಟರಿನ ಪಾತೇಲಿ ಇಟ್ಟು ತಣ್ಣೀರು ಬಿಟ್ಟೆ: ಅರ್ಧ ನಿಮಿಷದಲ್ಲಿ ತುಂಬಿತು. ಬಿಸಿನೀರು ಬಿಟ್ಟೆ: ಎರಡು ನಿಮಿಷ ದಾಟಿತು. ಅಡುಗೆಮನೆ, ಬಚ್ಚಲು, ಕೈ ತೊಳೆಯುವ ಬೇಸಿನ್ನು, ಮೂರು ಕಡೆಯೂ ಇದೇ ಕಥೆ.

ನಮ್ಮ ಶ್ರೀಧರ ಮೂರ್ತಿಗೆ ಫೋನು ಹಚ್ಚಿದೆ. ಮೈಸೂರಿನವರು, ಇಲ್ಲಿಯ ಆಲ್ಮೆರೆ ಊರಿನಲ್ಲಿರುತ್ತಾರೆ, ಇಂಜಿನಿಯರು. ನಮ್ಮ ಹೋಟೆಲಿಗೆ ಬಿಸಿಬೇಳೆ ಭಾತಿಗೆ ಬಂದು ಪರಿಚಯವಾದವರು.

"ಬಾಯ್ಲರ್ ಮುಂದೆ ಒಂದು ಗೇಜ್ ಇರುತ್ತಲ್ಲ, ಎಷ್ಟು ತೋರಿಸ್ತಿದೆ?" ಅಂದರು.

"ಒಂದೂವರೆ."

"ಸಾಕು. ಅದು ರೂಮು ಬೆಚ್ಚಗೆ ಮಾಡೋ ನೀರಿಂದು, ನಲ್ಲಿಗೂ ಅದಕ್ಕೂ ಸಂಬಂಧ ಇಲ್ಲ, ಬಿಡಿ. ಒಂದೇ ನಲ್ಲೀಲಿ ಕಮ್ಮಿ ಬಂದ್ರೆ ಆ ನಲ್ಲಿ ಬಾಯಿನ ಜಾಲರಿ ಪ್ರಾಬ್ಲಮ್. ಎಲ್ಲಾ ಕಡೆ ಬಿಸಿ ಮಾತ್ರ ಕಮ್ಮಿ ಅಂದ್ರೆ ಬಾಯ್ಲರ್ ಹತ್ರಾನೇ ಏನೋ ತಡೀತಿದೆ. ಒಳಗೆ ಸುಣ್ಣ ಕಟ್ಟಿರಬಹುದು. ಒಳಗೆ ಹೋಗೋ ಪೈಪಲ್ಲಿ ಸಣ್ಣ ಫಿಲ್ಟರ್ ಇರುತ್ತೆ, ಅದು ಕಟ್ಟಿರಬಹುದು. ಅಥವಾ ವಾಲ್ವ್ ಪೂರ್ತಿ ಓಪನ್ ಇಲ್ದೇ ಇರಬಹುದು. ಫಸ್ಟ್ ವಾಲ್ವ್ ನೋಡಿ ಸಾರ್."

"ವಾಲಿಂದು ನನಗ ಹೇಳಬ್ಯಾಡ್ರಿ. ನಾ ವಾಲ್‌ಮನ್ನನ ಮಗ. ನಾನೇ ತಗದೀನಿ."

"ಅಲ್ಲ, ಒಂದ್ಸಲ ಚೆಕ್ ಮಾಡೋದ್ರಲ್ಲಿ ಏನು..."

"ಸರ, ನೀವು ಓದಿದವ್ರು. ಆದ್ರ ವಾಲು ನಮ್ಮ ಮನೆತನದ್ದು."

ಅವರು ನಕ್ಕು ಫೋನು ಇಟ್ಟರು. ನಾನು ನಲ್ಲಿಗಳ ಬಾಯಿಯ ಜಾಲರಿಗಳನ್ನೆಲ್ಲ ಬಿಚ್ಚಿ ವಿನೆಗರಿನಲ್ಲಿ ನೆನೆಹಾಕಿದೆ. ಬೆಳ್ಳಗೆ ಫಳಫಳ ಹೊಳೆದವು. ನೀರು ದಾರವಾಗಿಯೇ ಉಳಿಯಿತು. ಬಾಯ್ಲರಿನ ಮುಚ್ಚಳ ಮಾತ್ರ ಬಿಚ್ಚಲಿಲ್ಲ. ಗ್ಯಾಸಿನ ಜೊತೆ ಮೂವತ್ತೈದು ವರ್ಷ ಬದುಕಿದವನು ಗ್ಯಾಸಿಗೆ ಹೆದರುತ್ತಾನೆ. ಮನೆ ಮಾಲೀಕರ ಆಫೀಸಿಗೆ ಸುಮಾ ಫೋನು ಮಾಡಿದಳು. ಕ್ವಾರಂಟೈನ್ ಮುಗಿಯುವ ತನಕ ಮೆಕ್ಯಾನಿಕ್ ಬರುವುದಿಲ್ಲ, ಮುಗಿದ ಮೇಲೆಯೂ ಮೂರು ವಾರ ಪಾಳಿ.

ಈ ಎಲ್ಲ ದಿನವೂ ವಿಮ್ ಒಂದು ದಿನ ಬಿಟ್ಟು ಒಂದು ದಿನ ನಮ್ಮ ಬಾಗಿಲ ಮುಂದೆ ಹಾಲು, ಬ್ರೆಡ್ಡು, ಉಳ್ಳಾಗಡ್ಡಿ ಇಟ್ಟು, ಬೆಲ್ ಒತ್ತಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತು ಕೈ ಬೀಸುತ್ತಿದ್ದ. ನಾನು ಕಿಟಕಿಯಿಂದ ಕೈ ಬೀಸುತ್ತಿದ್ದೆ. ಬೀಸುತ್ತಲೇ ಯೋಚಿಸುತ್ತಿದ್ದೆ: ಇಷ್ಟು ಒಳ್ಳೆಯವನಾಗುವ ಅಗತ್ಯ ಏನು? ಮನುಷ್ಯ ಏನೋ ಮುಚ್ಚಿಕೊಳ್ಳಬೇಕಾದಾಗಲೇ ಹೀಗೆ ಉಳ್ಳಾಗಡ್ಡಿ ತಂದುಕೊಡುವುದು.

ಒಂದು ಬೆಳಿಗ್ಗೆ ಅವನ ಮನೆಗೆ ತಾಗಿದ ಗೋಡೆಯಿಂದ ಗುರ್ ಅಂತ ಸದ್ದು ಬಂತು. ನಾನು ಕಿವಿ ಇಟ್ಟೆ. ನಮ್ಮೂರಿನ ಹೆಂಗಸರು ಇಡುತ್ತಿದ್ದಂತೆಯೇ, ಅಂಗೈಯನ್ನು ಬಟ್ಟಲು ಮಾಡಿ.

ಲ್ಯಾಪ್‌ಟಾಪಿನಲ್ಲಿ ಕ್ಲಾಸು ಕೇಳುತ್ತಿದ್ದ ಸುಮಾ ತಲೆ ಎತ್ತಿದಳು. "ಅಪ್ಪಾ, ವಾಟ್ ಆರ್ ಯು ಡೂಯಿಂಗ್?"

"ಮೋಟರ್ ಹಚ್ಯಾನ. ಕೇಳು."

"ಇಟ್ಸ್ ಹಿಸ್ ವಾಷಿಂಗ್ ಮಷಿನ್! ಮತ್ತ ತಣ್ಣೀರು ಜೋರಾಗೇ ಬರ್ತದಲ್ಲ? ನೀರು ಕದ್ರೆ ಬರೀ ಬಿಸಿನೀರು ಹೆಂಗ ಕದೀತಾನ?"

ತರ್ಕ ಸರಿ ಇತ್ತು. ಆದರೆ ಸಂಶಯ ತರ್ಕ ಕೇಳಿ ಬಂದ ಅತಿಥಿಯಲ್ಲ, ತರ್ಕ ಹೇಳಿದರೆ ಹೋಗುವುದಕ್ಕೆ. ಮೋಟರು ಇಲ್ಲದಿದ್ದರೆ ಬೋಗುಣಿ ಇದೆಯಲ್ಲ! ನಾಲ್ಕೂವರೆ ತಿಂಗಳು ಕೀಲಿ ಅವನ ಕೈಯಲ್ಲಿತ್ತು. ಒಬ್ಬನೇ ಮುದುಕ, ಮನೆಯಲ್ಲೇ ಕೂತು ಬೇಜಾರು. ಕಪಾಟು ತೆರೆದಿದ್ದಾನೆ, ಏನೋ ತಿರುವಿದ್ದಾನೆ, ಏನೋ ಮುರಿದಿದ್ದಾನೆ, ಹೇಳಲು ಬಾಯಿಲ್ಲ. ಆಮೇಲೆ ನನ್ನ ಕಣ್ಣು ಮನೆಯ ಸಾಮಾನುಗಳ ಮೇಲೆಲ್ಲ ಓಡಾಡತೊಡಗಿತು. ಖಾರದ ಪುಡಿಯ ಡಬ್ಬಿ ಇಲ್ಲೇ ಇತ್ತೇ? ಗೋಡೆಯ ಫೋಟೋ ಸ್ವಲ್ಪ ಓರೆ ಇದೆಯಲ್ಲ?

"ಆ ಫೋಟೋ ನಮ್ಮ ಮದುವ್ಯಾಗಿಂದನೂ ಓರೇನ ಐತ್ರಿ," ಅಂದಳು ಗಿರಿಜಾ. "ಮುದುಕ ದಿನಾ ಹಾಲು ತಂದ ಕೊಡ್ತಾನ. ಅದನ್ನ ಕುಡದು ಅವಂಗ ಬೈತೀರಿ. ನಾಲಿಗಿ ಹೆಂಗ ಬರ್ತದ?"

"ಬೈದಿಲ್ಲ. ಸಂಶಯ ಅಂದೀನಿ."

"ಬೈದ್ರ ಪಾಡಿತ್ತು. ಅಂವಾ ತಿರುಗಿ ಏನರ ಅಂತಿದ್ದ."

ಹದಿನೈದನೆಯ ದಿನ, ಹೊರಗೆ ಕಾಲಿಡಲು ಅಪ್ಪಣೆಯಾದ ದಿನ, ನಾನು ಮಾಡಿದ ಮೊದಲ ಕೆಲಸವನ್ನು ಬರೆಯಲು ಕೈ ಹಿಂದೆಮುಂದೆ ನೋಡುತ್ತದೆ. ಮಾಸ್ಕು ಕಟ್ಟಿಕೊಂಡು ವಿಮ್‌ನ ಬೆಲ್ ಒತ್ತಿದೆ. ಒಂದೂವರೆ ಮೀಟರ್ ಹಿಂದೆ ನಿಂತೆ. ಅವನು ಬಾಗಿಲು ತೆರೆದು ಮುಖ ಅರಳಿಸಿದ.

"ಬ್ಯೂರ್ಮನ್! ಕೊನೆಗೂ ಬಿಡುಗಡೆ! ಕಾಫಿ?"

"ಕಾಫಿ ಬೇಡ. ನಮ್ಮ ಕೀಲಿ ಬೇಕಿತ್ತು. ಮಗಳು ತನ್ನದು ಕಳೆದುಕೊಂಡಿದ್ದಾಳೆ."

ಸುಳ್ಳು. ದಾರಿಯಲ್ಲಿ ನಾಲ್ಕು ಹೆಜ್ಜೆಯೊಳಗೆ ಕಟ್ಟಿಕೊಂಡ ಸುಳ್ಳು. ಅವನು "ಹೌದೇ, ಪಾಪ" ಅಂತ ಒಳಗೆ ಹೋಗಿ ಕೀಲಿ ತಂದು, ಅದನ್ನು ಟಿಶ್ಯೂದಿಂದ ಒರೆಸಿ, ಮೆಟ್ಟಿಲ ಕಟ್ಟೆಯ ಮೇಲಿಟ್ಟು, ಹಿಂದೆ ಸರಿದ. ಕೈಯಿಂದ ಕೈಗೆ ಕೊಡುವ ಕಾಲವಾಗಿರಲಿಲ್ಲ ಅದು. ನಾನು ಎತ್ತಿಕೊಂಡೆ. ಈ ದೇಶದಲ್ಲಿ ನೆರೆಮನೆಯ ಕೀಲಿ ಇಟ್ಟುಕೊಳ್ಳುವುದು ದೊಡ್ಡ ನಂಬಿಕೆ, ಅದನ್ನು ವಾಪಸು ಕೇಳುವುದು ದೊಡ್ಡ ಮಾತು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ.

ಮರುದಿನದಿಂದ ವಿಮ್ ಕಂಡರೆ ತಲೆ ಆಡಿಸುತ್ತಿದ್ದ, ಅಷ್ಟೇ. ನಿಲ್ಲುತ್ತಿರಲಿಲ್ಲ. ಸ್ಟಾಪಿನಲ್ಲಿ ನಿಲ್ಲದೇ ಹೋಗುವ ಟ್ರಾಮಿನ ಹಾಗೆ. ನೋಡಿದಿರಾ, ಕಳ್ಳನ ಲಕ್ಷಣ ಅಂದುಕೊಂಡೆ.

ಮೂರು ವಾರವಾದ ಮೇಲೆ ಮೆಕ್ಯಾನಿಕ್ ಬಂದ. ನೀಲಿ ಕೈಚೀಲ, ನೀಲಿ ಮಾಸ್ಕು, ಎರಡೂ ಕಿವಿಗೆ ರಿಂಗು. ಬಿಸಿನೀರಿನ ನಲ್ಲಿ ತಿರುವಿ ನೋಡಿದ, ತಣ್ಣೀರಿನದು ನೋಡಿದ. ನಾನು ಪಕ್ಕದಲ್ಲಿ ನಿಂತು ಹರಕು ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದೆ: ಪಾತೇಲಿ, ಎರಡು ನಿಮಿಷ, ಜಾಲರಿ, ವಿನೆಗರ್, ಒಳಗೆ ಸುಣ್ಣ ಕಟ್ಟಿರಬೇಕು. ಅವನು ಹ್ಞೂಂ ಹ್ಞೂಂ ಅನ್ನುತ್ತ ಚೀಲ ಬಿಚ್ಚದೇ ಬಗ್ಗಿ, ಬಾಯ್ಲರಿನ ಕೆಳಗೆ ಕೈ ಹಾಕಿ, ವಾಲು ತಿರುವಿದ.

ಒಂದು ಸುತ್ತು. ಎರಡು. ಮೂರು.

ಅಡುಗೆಮನೆಯ ನಲ್ಲಿ ತೆರೆದೇ ಇತ್ತು. ನೀರು ಧಪ್ ಅಂತ ಸಿಂಕಿಗೆ ಬಿದ್ದು, ಹಾರಿ, ನನ್ನ ಅಂಗಿಯೆಲ್ಲ ತೋಯಿಸಿತು.

"ಯಾರು ಇದನ್ನು ಅರ್ಧ ಬಂದ್ ಮಾಡಿದವರು?" ಅಂದ ಅವನು.

ನನಗೆ ಆ ಕ್ಷಣ ಆದ ಸಂತೋಷವನ್ನು ಈಗ ಹೇಳಲು ನಾಚಿಕೆ. ಗಿರಿಜಾಳ ಕಡೆ ತಿರುಗಿ ಎದೆ ಉಬ್ಬಿಸಿ ಹೇಳಿದೆ: "ನೋಡಿದಿ? ಹೇಳಿದ್ನಿಲ್ಲೋ? ಕೈ ಹಚ್ಯಾನಂತ!"

ಗಿರಿಜಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ಅವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

"ಬಂದ ದಿನ ವಾಲ್ ತಗದವ್ರು ಯಾರ್ರೀ?"

"ನಾನೇ."

"ಎಷ್ಟ ಸುತ್ತು?"

ನಾನು ಅಂಗಿಯ ಚುಂಗು ಹಿಂಡತೊಡಗಿದೆ. ಅವಳೇ ಮುಂದುವರಿಸಿದಳು.

"ಎರಡ ಸುತ್ತು ಬಿಟ್ಟೀನಿ, ಗಾಳಿ ಹೋಗ್ಲಿ, ಚಾ ತಾ ಅಂದ್ರಿ. ನಾ ಚಾ ತರೋದ್ರಾಗ ಸೋಫಾದ ಮ್ಯಾಲ ಬಾಯಿ ತಗದ ಮಲಗಿದ್ರಿ. ದಣದೀರಿ ಅಂತ ನಾನೂ ಎಬ್ಬಸ್ಲಿಲ್ಲ."

ಮೆಕ್ಯಾನಿಕ್ ನಮ್ಮ ಮುಖಗಳನ್ನು ನೋಡಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೊರಟುಹೋದ. ನಾನು ನಲ್ಲಿ ಬಂದ್ ಮಾಡಲು ಹೋಗಿ, ಬಂದ್ ಮಾಡದೇ, ಅದನ್ನೇ ನೋಡುತ್ತ ನಿಂತೆ. ತೋಯ್ದ ಅಂಗಿಯಲ್ಲಿ ನಿಂತಾಗ ಕಂಡದ್ದು ವಿಮ್‌ನ ಮುಖವಲ್ಲ. ಕಟ್ಟೆಯ ಮೇಲೆ, ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದ ಅಪ್ಪನ ಮುಖ.

೧೯೮೪ರ ವಿಷಯ ಮುಂದೆ ಹೇಳಿದರಾಯಿತು ಅಂತ ಬಿಟ್ಟಿದ್ದೆ. ಅದು ಹೀಗೆ. ಆ ಒಂದು ದಿನ ಮೇಲಿನ ಓಣಿಯಲ್ಲಿ ಸಾಹುಕಾರರ ಮನೆಯ ಮದುವೆ ಇತ್ತು. ಅದೇ ದಿನ ಎರಡೂ ಓಣಿಗಳ ಪಾಳಿ, ಮೊದಲು ಮೇಲಿನದು, ಆಮೇಲೆ ಕೆಳಗಿನದು. ಮೇಲಿನ ಓಣಿಗೆ ನೀರು ಧೋ ಅಂತ ಬಂತು, ಕೆಳಗಿನ ಓಣಿಗೆ ದಾರದಂತೆ ಬಂತು. ವಾಲ್‌ಮನ್ ಮದುವೆ ಮನೆಗೆ ನೀರು ಮಾರಿಕೊಂಡ ಅಂತ ಸುದ್ದಿಯಾಯಿತು. ಮರುದಿನ ಬೆಳಿಗ್ಗೆ ನಾವು ಬಾಗಿಲು ತೆರೆದರೆ ನಮ್ಮ ಮನೆ ಮುಂದೆ ಖಾಲಿ ಕೊಡಗಳ ಸಾಲು. ಹದಿನೇಳು ಕೊಡ. ಯಾರೂ ಬೈಯಲಿಲ್ಲ, ಒಬ್ಬರೂ ಎದುರಿಗೆ ನಿಲ್ಲಲಿಲ್ಲ. ಕೊಡ ಇಟ್ಟು ಹೋಗಿದ್ದರು. ಅಪ್ಪ ಅವುಗಳನ್ನು ನೋಡಿ "ನಾ ಬಿಟ್ಟೀನಿ" ಅಂದ. ಆಮೇಲೂ, ಸಾಯುವ ತನಕ, ಅಷ್ಟೇ ಅಂದ: ನಾ ಬಿಟ್ಟೀನಿ. ಅವನಿಗೆ ಆ ಸಲಾಕೆಯನ್ನು ಮತ್ತೆ ಕೊಡಲಿಲ್ಲ, ಪಂಪ್‌ಹೌಸಿನ ಕಾವಲಿಗೆ ಹಾಕಿದರು. ಸಾಲಿಯಲ್ಲಿ ಒಬ್ಬ ನನ್ನನ್ನು ನೀರುಗಳ್ಳನ ಮಗ ಅಂದ. ನಾನು ಅವನ ಹಲ್ಲು ಉದುರಿಸಿದೆ. ಹೆಡ್ ಮಾಸ್ತರರ ಬಾಗಿಲ ಕಥೆ ಆಗಲೇ ಹೇಳಿದ್ದೇನೆ.

ಮೂವತ್ತಾರು ವರ್ಷ ನಾನು ಎದೆ ತಟ್ಟಿ ಹೇಳಿಕೊಂಡು ಬಂದಿದ್ದೆ, ನಮ್ಮಪ್ಪ ಕಳ್ಳನಲ್ಲ, ಊರೇ ಕೆಟ್ಟದ್ದು ಅಂತ. ಹಾಗಾದರೆ ನೀರು ಯಾಕೆ ಬರಲಿಲ್ಲ ಅನ್ನುವ ಪ್ರಶ್ನೆಯನ್ನು ಮಾತ್ರ ನಾನು, ಎಲ್ಲವನ್ನೂ ಮೂಸಿ ನೋಡುವವನು, ಒಮ್ಮೆಯೂ ಮೂಸಿ ನೋಡಿರಲಿಲ್ಲ. ಆ ಮದುವೆಯ ದಿನವೇ ಅಪ್ಪ ಜ್ವರದಲ್ಲಿ ಎರಡು ಸುತ್ತು ಬಿಟ್ಟು ಹತ್ತು ನಿಮಿಷ ಮನೆಗೆ ಬಂದು ಕೂತಿದ್ದ. ಗಾಳಿ ಹೋಗಲಿ ಅಂತ. ಅವನು ಬಿಟ್ಟಿದ್ದ. ಎರಡು ಸುತ್ತು ಬಿಟ್ಟಿದ್ದ. ಮತ್ತೆ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಅವನನ್ನು ದಾಟಿ ಒಳಗೆ ಹೋಗಿ ರೊಟ್ಟಿ ತಿಂದಿದ್ದೆ.

ಕಳ್ಳರು ಯಾರೂ ಇರಲಿಲ್ಲ ನೋಡಿ, ಆ ಊರಲ್ಲೂ, ಈ ಊರಲ್ಲೂ.

ಮರುದಿನ ನೀಲಿ ಬೋಗುಣಿ ತೊಳೆದು, ಅದರ ತುಂಬ ಶೇಂಗಾ ಹೋಳಿಗೆ ಇಟ್ಟು, ಮೇಲೆ ನಮ್ಮ ಮನೆಯ ಕೀಲಿ ಇಟ್ಟುಕೊಂಡು ವಿಮ್‌ನ ಬಾಗಿಲಿಗೆ ಹೋದೆ. ಅಡುಗೆಮನೆಯ ಡಚ್ಚಿನಲ್ಲಿ ತಪ್ಪೊಪ್ಪಿಗೆ ಹೇಳುವುದು ಎಷ್ಟು ಕಷ್ಟ ಅಂತ ಅವತ್ತು ತಿಳಿಯಿತು. ಬೇಗ, ಬಿಸಿ, ಸಾಕು ಅನ್ನುವ ಮಾತುಗಳಲ್ಲಿ ಅದು ಇಲ್ಲ. ಆದರೂ ಹೇಳಿದೆ. ನೀರು, ಸಂಶಯ, ಎರಡು ಸುತ್ತು, ಸುಳ್ಳು, ಎಲ್ಲ. ಹೆಡ್ ಮಾಸ್ತರರಿಗೆ ಅನ್ನದೇ ಉಳಿಸಿಕೊಂಡಿದ್ದ ಮಾತನ್ನೂ ಕೊನೆಗೆ ಅಂದೆ: ತಪ್ಪಾಯಿತು.

ಅವನು ಬಾಗಿಲಿಗೆ ಭುಜ ಆನಿಸಿ ಕೇಳಿದ. ಆಮೇಲೆ ನಿಧಾನವಾಗಿ, ಸ್ಟಾಪು ಸ್ಟಾಪಿಗೆ ನಿಲ್ಲಿಸಿ ಹೇಳಿದ: "ಏಪ್ರಿಲಿನಲ್ಲಿ ಅಡುಗೆಮನೆಯಲ್ಲಿ ಟಪ್ ಟಪ್ ಸದ್ದು ಕೇಳಿಸಿತು. ನಿನ್ನ ವಾಲು ತೊಟ್ಟಿಕ್ಕುತ್ತಿತ್ತು. ಬೋಗುಣಿ ಇಟ್ಟೆ. ಇಲ್ಲದಿದ್ದರೆ ಕೆಳಗಿನ ಮನೆಯ ಸೀಲಿಂಗ್ ಹಾಳಾಗುತ್ತಿತ್ತು. ನೀನು ಅಲ್ಲಿ ಸಿಕ್ಕಿಕೊಂಡಿದ್ದೆ, ಇದೊಂದು ಚಿಂತೆ ಯಾಕೆ ಅಂತ ತಿಳಿಸಲಿಲ್ಲ." ಕೀಲಿಯ ಕಡೆ ನೋಡಿದ. "ನೀನು ಕೀಲಿ ಒಯ್ದ ದಿನ ಸಂಜೆ ನಿನ್ನ ಮಗಳು ತನ್ನ ಕೀಲಿಯಿಂದ ಬಾಗಿಲು ತೆರೆದಳು. ನಾನು ಇಲ್ಲೇ ನಿಂತಿದ್ದೆ."

ನಾನು ಬೋಗುಣಿಯನ್ನು ಮುಂದೆ ಚಾಚಿದೆ.

"ಬೋಗುಣಿ ತಗೋತೀನಿ," ಅಂದ. "ಕೀಲಿ ನಿನ್ನ ಹತ್ತಿರವೇ ಇರಲಿ."

ಬಾಗಿಲು ಜೋರಾಗಿ ಹಾಕಲಿಲ್ಲ. ಮೆತ್ತಗೇ ಹಾಕಿದ. ಖಾಲಿ ಕೊಡ ಇಟ್ಟು ಹೋಗುವ ಪದ್ಧತಿ ಡಚ್ಚಿನಲ್ಲಿ ಹೀಗೇ ಇರಬೇಕು.

ಚಳಿಗಾಲ ಬಂತು. ಹೋಟೆಲು ಮತ್ತೆ ಮುಚ್ಚಿತು. ನಾನು ದಿನಾ ಹಬೆಯಾಡುವ ನೀರಿನಲ್ಲಿ ಸ್ನಾನ ಮಾಡುತ್ತಿದ್ದೆ, ಮಾಡಿದ ಕೂಡಲೇ ಮೈ ತಣ್ಣಗಾಗುತ್ತಿತ್ತು. ಫೆಬ್ರವರಿಯಲ್ಲಿ, ಕಾಲುವೆಗಳೆಲ್ಲ ಹೆಪ್ಪುಗಟ್ಟಿದ ವಾರ, ನಮ್ಮ ಬಾಗಿಲ ಟಪಾಲಿನ ಸಂದಿಯಿಂದ ಒಂದು ಲಕೋಟೆ ಒಳಗೆ ಬಿತ್ತು. ಹಸಿರು ದಾರ ಕಟ್ಟಿದ ಕೀಲಿ, ಜೊತೆಗೆ ಒಂದು ಚೀಟಿ. ಸುಮಾ ಓದಿ ಹೇಳಿದಳು: "ಅಪ್ಪಾ, ವಿಮ್ ಹ್ಯಾಸ್ ಇಟ್. ಕೊರೋನಾ. ಮನ್ಯಾಗ ಅದೀನಿ ಅಂತಾನ. ದಿನಾ ಮುಂಜಾನೆ ಒಂಬತ್ತಕ್ಕ ಪರದೆ ಸರಸ್ತೀನಿ. ಸರಸ್ಲಿಲ್ಲ ಅಂದ್ರ ಒಳಗ ಬಾ ಅಂತ ಬರದಾನ."

ಚೀಟಿಯನ್ನು ಅವಳ ಕೈಯಿಂದ ಇಸಿದುಕೊಂಡು ನಾನೂ ನೋಡಿದೆ. ಮೇಲೆ "ಬ್ಯೂರ್ಮನ್" ಅಂತ ಇತ್ತು. ಅದೊಂದು ನನಗೆ ಓದಲು ಬರುತ್ತದೆ.

ಅವತ್ತಿನಿಂದ ನಾನು ಎಂಟೂ ಐವತ್ತಕ್ಕೆ ಹೊರಗಿನ ಪಡಸಾಲೆಯಲ್ಲಿ ನಿಲ್ಲುತ್ತಿದ್ದೆ. ಕೈಯಲ್ಲಿ ಗಂಜಿಯ ಡಬ್ಬಿ, ಮೆಣಸು ಜೀರಿಗೆ ಹಾಕಿದ್ದು. ಒಂಬತ್ತಕ್ಕೆ ಪರದೆ ಸರಿಯುತ್ತಿತ್ತು, ಒಂದು ಕೈ ಮೇಲೇಳುತ್ತಿತ್ತು, ನಾನು ಡಬ್ಬಿ ಇಟ್ಟು ಬರುತ್ತಿದ್ದೆ. ಐದು ದಿನ ಹೀಗೇ ನಡೆಯಿತು.

ಆರನೇ ದಿನ ಒಂಬತ್ತಾಯಿತು. ಪರದೆ ಸರಿಯಲಿಲ್ಲ. ಒಂಬತ್ತೂ ಎರಡು. ಒಂಬತ್ತೂ ನಾಲ್ಕು. ಗಿರಿಜಾ ಬಾಗಿಲಿಗೆ ಬಂದು "ಮಲಗಿರ್ತಾನ್ರಿ, ಜ್ವರದ ಮನುಷ್ಯಾ, ಇನ್ನ ಸ್ವಲ್ಪ ತಡೀರಿ" ಅಂದಳು. ನಾನು ತಡೆಯಲಿಲ್ಲ. ಮಾಸ್ಕಿನ ಮೇಲೆ ಮಾಸ್ಕು ಕಟ್ಟಿ, ಅವನ ಬಾಗಿಲಿಗೆ ಕೀಲಿ ಹಾಕಿ ತಿರುವಿದೆ. ಅದು ಎರಡು ಸುತ್ತಿನ ಬೀಗ. ಎರಡೂ ಸುತ್ತು ತಿರುವಿದೆ.

ಒಳಗೆ ಸೋಫಾದ ಮೇಲೆ ಮಲಗಿದ್ದ. ಬಾಯಿ ತೆರೆದಿತ್ತು, ಹಣೆಯ ಮೇಲೆ ಒದ್ದೆ ಟವೆಲ್ಲು, ಪಕ್ಕದಲ್ಲಿ ನೀಲಿ ಬೋಗುಣಿ. ನಾನು ಬಾಗಿಲಲ್ಲಿ ಒಂದು ಗಳಿಗೆ ನಿಂತೆ. ಮೂವತ್ತಾರು ವರ್ಷ ಅಡುಗೆಮನೆಗಳಲ್ಲಿ ಕೂಗಿ ಗಟ್ಟಿಯಾದ ಗಂಟಲು ನನ್ನದು. ಅಷ್ಟೂ ಗಂಟಲಿನಿಂದ ಕೂಗಿದೆ:

"ಬ್ಯೂರ್ಮನ್! ಏಳು!"

ವಿಮ್ ಹೌಹಾರಿ ಎದ್ದು ಕೂತ. ಟವೆಲ್ಲು ಬೋಗುಣಿಗೆ ಬಿತ್ತು. ಗೋಡೆಯ ಗಡಿಯಾರ ನೋಡಿದ, ನನ್ನನ್ನು ನೋಡಿದ.

"ಒಂಬತ್ತೂ ಐದು!" ಅಂದ, ಕೆಮ್ಮುತ್ತ. "ಮೂವತ್ತು ವರ್ಷ ಟ್ರಾಮ್ ಓಡಿಸಿದ್ದೇನೆ. ಐದು ನಿಮಿಷ ತಡವಾದರೆ ಜಗತ್ತು ಮುಳುಗುವುದಿಲ್ಲ."

"ಮುಳುಗುತ್ತದೆ," ಅಂದೆ ನಾನು.

ಅವನಿಗೆ ಅದು ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ. ಪರದೆ ನಾನೇ ಸರಿಸಿದೆ, ಗಂಜಿ ಮೇಜಿನ ಮೇಲಿಟ್ಟೆ, ಹೊರಡುವಾಗ ಅವನ ಕೀಲಿಯನ್ನು ಬಾಗಿಲ ಪಕ್ಕದ ಕಟ್ಟೆಯ ಮೇಲಿಡಲು ಹೋದೆ. ಹಿಂದಿನಿಂದ ದನಿ ಬಂತು: "ಅದು ನಿನ್ನ ಹತ್ತಿರವೇ ಇರಲಿ. ಮತ್ತೆ ನಿನ್ನದು ಎಲ್ಲಿ? ನಾಳೆ ಗಂಜಿಯ ಜೊತೆ ತಾ."

ತಂದುಕೊಟ್ಟೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಓದು, ಎಂಟೂವರೆ ಇಯತ್ತೆ. ಬಾಡಿಗೆ ಮನೆ, ಒಂದು. ಹೆಂಡತಿ, ಒಬ್ಬಳು, ಮಗಳು, ಒಬ್ಬಳು. ಕರಿಬೇವಿನ ಗಿಡ ಒಂದು, ಎದೆಯೆತ್ತರ. ಬಾಯ್ಲರು ಒಂದು, ಅದರ ವಾಲಿಗೆ ಐದು ಸುತ್ತು, ಐದೂ ತೆರೆದಿವೆ. ನಮ್ಮ ಮನೆಯ ಕೀಲಿ ನಾಲ್ಕು, ಅದರಲ್ಲಿ ಮೂರು ಮನೆಯಲ್ಲಿವೆ. ಮೊಳೆಯ ಮೇಲೆ ಇನ್ನೊಂದು ಕೀಲಿ, ಹಸಿರು ದಾರದ್ದು.